ಎಲೆ ನೋಡದೆ ಬಡಿಸಿದ ಊಟ

"ಮೇಷ್ಟ್ರೇ, ಬೆಂಗಳೂರಲ್ಲಿ ಎಂಟು ಸಾವಿರ ಕೊಟ್ಟು ಹಸಿ ಮೀನು ತಿಂದು ಬಂದ್ರಂತೆ, ನಿಜಾನಾ?"

ತಿಪಟೂರಿನ ಎಪಿಎಂಸಿ ಯಾರ್ಡಿನ ಹತ್ತಿರ ಟೀ ಕುಡಿಯುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದ. ಅಕ್ಕಪಕ್ಕದಲ್ಲಿ ಕೂತಿದ್ದವರು ಪೇಪರು ಮಡಚಿ ಈ ಕಡೆ ತಿರುಗಿದರು. ನಿಜ ಅಂದೆ. ಅವನು ಮಂಡಿಯಲ್ಲಿ ಲೆಕ್ಕ ಬರೆಯುವವನು, ಸುಮ್ಮನಿರುತ್ತಾನೆಯೇ? 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ನನ್ನ ಒಬ್ಬನ ಊಟಕ್ಕೆ 66 ಕಿಲೋ ಕೊಬ್ಬರಿ. "ಏಳೆಂಟು ಮರ ವರ್ಷವೆಲ್ಲಾ ಬಿಟ್ಟಿದ್ದನ್ನ ಒಂದೂವರೆ ಗಂಟೇಲಿ ಮುಗಿಸಿದ್ದೀರಿ" ಅಂದ. ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಮೇಲೆ ಹೋಗಿತ್ತಲ್ಲಪ್ಪ ಅಂತ ಸಮಾಧಾನ ಹೇಳಿದೆ. "ಹಂಗಾದ್ರೆ ಮೂರು ಮರ ಅಂತ ಇಟ್ಕೊಳ್ಳೋಣ. ಊಟ ಹೆಂಗಿತ್ತು?"

ಚೆನ್ನಾಗಿರಲಿಲ್ಲ ಅಂದೆ. ಎಲ್ಲರೂ ನಕ್ಕರು. ಹಸಿ ಮೀನು ಇನ್ನು ಹೇಗಿದ್ದೀತು ಅನ್ನುವ ನಗು ಅದು. ಆ ನಗು ಸರಿಯಲ್ಲ, ಊಟ ಕೆಟ್ಟದ್ದು ಮೀನು ಹಸಿಯಾಗಿದ್ದುದಕ್ಕಲ್ಲ ಅಂತ ಹೇಳಲು ಹೋದೆ, ಒಂದು ಟೀಯಲ್ಲಿ ಮುಗಿಯುವ ವಿಷಯವಾಗಿರಲಿಲ್ಲ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ಹುಡುಗರು, ಹುಡುಗಿಯರು ಈಗ ಬೆಂಗಳೂರಿನಲ್ಲಿದ್ದಾರೆ. ಆಫೀಸಿನವರ ಜೊತೆ ಇಂಥ ಕಡೆ ಹೋಗಬೇಕಾಗಿ ಬಂದು, ಏನು ನಡೆಯುತ್ತಿದೆ ಅಂತ ತಿಳಿಯದೆ, ಕೇಳಲು ಸಂಕೋಚಪಟ್ಟು, ಬಿಲ್ ನೋಡಿ ಬೆವೆತು ಬರುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನಿಗೆ ಜಪಾನಿನ ಊಟದ ಪಾಠ ಮಾಡುವ ಅಧಿಕಾರ ಎಲ್ಲಿಂದ ಬಂತು ಅಂತ ಕೇಳಬಹುದು. ಹೋಗುವುದಕ್ಕೆ ಮುಂಚೆ ಎರಡು ತಿಂಗಳು ಓದಿಕೊಂಡಿದ್ದೆ, ಅಷ್ಟೇ. ನನ್ನ ತಂಗಿಯ ಮಗ ಜಪಾನಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ನಾನು ರಿಟೈರಾದ ಸಂತೋಷಕ್ಕೆ ಅವನು ಜಾಗ ಕಾದಿರಿಸಿದ್ದು. "ಮಾವ, ಅಲ್ಲಿ ಮೆನು ಇರಲ್ಲ" ಅಂದಿದ್ದ. ಆ ಒಂದು ಮಾತು ನನ್ನ ಕುತೂಹಲ ಕೆರಳಿಸಿತು.

ಮೊದಲು ಪದವನ್ನೇ ನೋಡೋಣ. ಜಪಾನಿ ಭಾಷೆಯಲ್ಲಿ 'ಮಕಸೆರು' ಅಂದರೆ ಒಪ್ಪಿಸು, ವಹಿಸಿಕೊಡು. ಅದಕ್ಕೆ ಗೌರವದ 'ಒ' ಸೇರಿ 'ಒಮಾಕಸೆ' ಆಯಿತು. ಅಡುಗೆಯವರ ಮುಂದೆ ಕೂತು ಹೀಗೆಂದರೆ "ನಿಮಗೇ ಬಿಟ್ಟಿದ್ದೇನೆ, ಏನು ಕೊಡುತ್ತೀರೋ ಕೊಡಿ" ಅಂತ ಅರ್ಥ. ಸುಶಿ ಅಂಗಡಿಯಲ್ಲಿ ಬೇರೆ ದಾರಿಗಳೂ ಉಂಟು. ಒಂದೊಂದೇ ತುಂಡನ್ನು ನಮಗೆ ಬೇಕಾದ ಹಾಗೆ ಹೇಳಿ ತರಿಸಿಕೊಳ್ಳುವುದು 'ಒಕೊನೊಮಿ'. ಇಷ್ಟು ದುಡ್ಡಿಗೆ ಇಷ್ಟು ತುಂಡು ಅಂತ ಗೊತ್ತುಮಾಡಿಟ್ಟ ತಟ್ಟೆ ಕೊಟ್ಟರೆ ಅದು 'ಒಕಿಮಾರಿ', ನಮ್ಮ ಹೋಟೆಲಿನ ಪ್ಲೇಟ್ ಮೀಲ್ಸ್ ಇದ್ದ ಹಾಗೆ. ಈ ಕೊನೆಯ ಪದವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಏನು ಬೇಕು ಅಂತ ಕೇಳದೆ ಬಡಿಸುವುದು ನಮಗೆ ಹೊಸದೇನೂ ಅಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಕೂತವರು ಮೆನು ಕೇಳಿದ್ದುಂಟೇ? ಮದುವೆಮನೆಯ ಪಂಕ್ತಿಯಲ್ಲೂ ಅಷ್ಟೆ. ಎಲೆ ಹಾಕುತ್ತಾರೆ, ಉಪ್ಪು ಬರುತ್ತದೆ, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬರುತ್ತವೆ, ಯಾವುದರ ಹಿಂದೆ ಯಾವುದು ಬರಬೇಕು ಅನ್ನುವುದು ಭಟ್ಟರಿಗೆ ಬಿಟ್ಟದ್ದು. ಆದರೆ ಒಳ್ಳೆಯ ಬಡಿಸುವವನು ಏನು ಮಾಡುತ್ತಾನೆ ನೋಡಿದ್ದೀರಾ? ಬಕೆಟ್ಟಿನ ಕಡೆ ನೋಡುವುದಿಲ್ಲ, ಎಲೆ ನೋಡುತ್ತಾನೆ. ಯಾರ ಎಲೆಯಲ್ಲಿ ಪಲ್ಯ ಮುಟ್ಟದೆ ಉಳಿದಿದೆ, ಯಾವ ಮುದುಕರಿಗೆ ಅನ್ನ ಮೆತ್ತಗಿರಬೇಕು, ಯಾವ ಹುಡುಗ ಕಾಯಿ ಹೋಳಿಗೆ ಇನ್ನೊಂದು ಬೇಕೆಂದು ಬಾಯಿ ಬಿಟ್ಟು ಕೇಳಲಾರ, ಇದನ್ನೆಲ್ಲ ನಡೆಯುತ್ತಲೇ ಓದಿಕೊಳ್ಳುತ್ತಾನೆ. ಒಮಾಕಸೆ ಅಂದರೆ ಆ ಬಡಿಸುವವನೂ ಅಡುಗೆ ಭಟ್ಟರೂ ಒಬ್ಬರೇ ಆಗಿ, ಮರದ ಕೌಂಟರಿನ ಆ ಕಡೆ ನಮ್ಮ ಮುಖ ನೋಡಿಕೊಂಡು ನಿಂತದ್ದು. ಪಂಕ್ತಿಯಲ್ಲಿ ಎಂಟೇ ಎಂಟು ಜನ. ಆಯ್ಕೆಯನ್ನು ನಾವು ಬಿಟ್ಟುಕೊಟ್ಟೆವು ಅಂದಮೇಲೆ ಹೊಣೆ ಪೂರ್ತಿ ಅವರದಾಯಿತು. ನಾನು ಎಂಟು ಸಾವಿರ ಕೊಟ್ಟದ್ದು ಮೀನಿಗಿಂತ ಹೆಚ್ಚಾಗಿ ಈ ಹೊಣೆಗೆ.

ಇನ್ನು ಸುಶಿ. ನಮ್ಮಲ್ಲಿ ಬಹಳ ಜನ ಸುಶಿ ಅಂದರೆ ಹಸಿ ಮೀನು ಅಂದುಕೊಂಡಿದ್ದಾರೆ. ಸುಶಿ ಅಂದರೆ ಹುಳಿ ಅನ್ನ. ಬರೀ ಹಸಿ ಮೀನಿನ ಹೋಳು ಬಡಿಸಿದರೆ ಅದಕ್ಕೆ 'ಸಶಿಮಿ' ಅಂತ ಬೇರೆಯೇ ಹೆಸರಿದೆ. ಅನ್ನ ಇಲ್ಲದೆ ಸುಶಿ ಇಲ್ಲ, ಮೀನಿಲ್ಲದೆ ಇರಬಹುದು.

ಇದರ ಹುಟ್ಟು ಸ್ವಾರಸ್ಯವಾಗಿದೆ. ಮೀನು ಕೆಡದ ಹಾಗೆ ಇಡಲು ಹಿಂದಿನವರು ಅದಕ್ಕೆ ಉಪ್ಪು ಹಚ್ಚಿ, ಬೆಂದ ಅನ್ನದ ನಡುವೆ ಅದುಮಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿತು ಮೀನನ್ನು ಕಾಯುತ್ತಿತ್ತು. ತಿನ್ನುವಾಗ ಮೀನು ತಿಂದು ಅನ್ನ ಬಿಸಾಡುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತ 'ಫುನಝುಶಿ' ಅನ್ನುವ ಹೆಸರಿನಲ್ಲಿ ಇದು ಇವತ್ತಿಗೂ ಇದೆ. ಬರಬರುತ್ತಾ ಕಾಯುವ ಅವಧಿ ಕಡಿಮೆಯಾಯಿತು, ಅನ್ನವನ್ನೂ ತಿನ್ನತೊಡಗಿದರು. ಕಡೆಗೆ ಹುಳಿ ಬರುವವರೆಗೆ ಯಾಕೆ ಕಾಯಬೇಕು, ಅನ್ನಕ್ಕೇ ವಿನೆಗರ್ ಬೆರೆಸಿದರಾಯಿತಲ್ಲ ಅಂದುಕೊಂಡರು. 1804ರಲ್ಲಿ ಹಂಡಾ ಊರಿನ ನಕಾನೊ ಮತಝಾಯೆಮೊನ್ ಎನ್ನುವ ಮದ್ಯ ತಯಾರಕ, ಅಕ್ಕಿ ಮದ್ಯ ಹಿಂಡಿ ಉಳಿದ ಚರಟದಿಂದ ಕೆಂಪು ವಿನೆಗರ್ ಮಾಡಲು ಶುರುಮಾಡಿದ. ಅದು ಅಗ್ಗವಾಗಿತ್ತು, ಅನ್ನಕ್ಕೆ ಒಪ್ಪುವ ರುಚಿಯಿತ್ತು. ಅದೇ ಶತಮಾನದ ಮೊದಲ ಭಾಗದಲ್ಲಿ ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಹುಳಿ ಅನ್ನವನ್ನು ಕೈಯಲ್ಲೇ ಒತ್ತಿ ಮೇಲೆ ಮೀನಿನ ಹೋಳಿಟ್ಟು ಕೊಡುವ 'ನಿಗಿರಿ' ಬಂತು. ಹನಾಯ ಯೊಹೆಯ್ ಅನ್ನುವವನು ಅದನ್ನು ಪ್ರಸಿದ್ಧಿಗೆ ತಂದ ಅನ್ನುತ್ತಾರೆ. ಬೀದಿಯಲ್ಲಿ ನಿಂತು, ಕೈಯಲ್ಲಿ ತಿಂದು, ಕೆಲಸಕ್ಕೆ ಓಡುವವರ ತಿಂಡಿ ಅದು, ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ನಾವು ತಿನ್ನುವ ಇಡ್ಲಿಯ ಹಾಗೆ. ಈಗಿನ ಗಂಭೀರ ವಾತಾವರಣ ನೋಡಿ ಹೆದರುವವರು ಇದನ್ನು ನೆನೆಸಿಕೊಂಡರೆ ಧೈರ್ಯ ಬರುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಅಕ್ಕಿಗೆ ರೇಷನ್, ಹೋಟೆಲುಗಳಿಗೆ ನಿರ್ಬಂಧ. ಆಗ ಸುಶಿಯವರು ಒಂದು ಉಪಾಯ ಮಾಡಿದರು. ಗಿರಾಕಿ ಒಂದು 'ಗೊ' ಅಕ್ಕಿ ತಂದುಕೊಟ್ಟರೆ ಹತ್ತು ತುಂಡು ಸುಶಿ ಮಾಡಿಕೊಡುವುದು, ಕೂಲಿ ಮಾತ್ರ ತೆಗೆದುಕೊಳ್ಳುವುದು. ಗೊ ಅಂದರೆ ಸುಮಾರು 180 ಮಿಲಿಲೀಟರಿನ ಅಳತೆ, ನಮ್ಮ ಪಾವಿನ ಜಾತಿಯದು. ನಾವು ಮಿಲ್ಲಿಗೆ ರಾಗಿ ಹೊತ್ತು ಹಿಟ್ಟು ಮಾಡಿಸಿಕೊಂಡು ಬರುವ ಹಾಗೆ ಅವರು ಅಕ್ಕಿ ಹಿಡಿದು ಸುಶಿ ಮಾಡಿಸಿಕೊಂಡು ಬರುತ್ತಿದ್ದರು. ಒಬ್ಬರ ಪಾಲು ಅಂದರೆ ಸುಮಾರು ಹತ್ತು ತುಂಡು ಅನ್ನುವ ಲೆಕ್ಕ ಗಟ್ಟಿಯಾದದ್ದು ಹೀಗೆ.

ಅನ್ನ ಹೇಗಿರಬೇಕು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಆ ರಾತ್ರಿ ಮೊದಲು ಸೋತದ್ದು ಅನ್ನ. ನಮ್ಮ ಸೋನಾ ಮಸೂರಿ ಉದುರುದುರಾಗಿ ನಿಲ್ಲುವ ಅಕ್ಕಿ. ಸುಶಿಗೆ ಗಿಡ್ಡ, ದುಂಡು ಕಾಳಿನ ಅಕ್ಕಿ ಬೇಕು, ಬೆಂದಾಗ ಒಂದಕ್ಕೊಂದು ಅಂಟುವಂಥದ್ದು. ಬೆಂದ ಅನ್ನವನ್ನು ಅಗಲವಾದ ಮರದ ತೊಟ್ಟಿಗೆ ಬಗ್ಗಿಸಿ, ವಿನೆಗರ್, ಉಪ್ಪು, ಕೆಲವರು ಸಕ್ಕರೆಯನ್ನೂ ಬೆರೆಸಿ, ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾ ಕಾಳು ಮುರಿಯದ ಹಾಗೆ ಕಲಸುತ್ತಾರೆ. ಪುಳಿಯೋಗರೆಗೆ ಅಜ್ಜಿ ಅನ್ನ ಹರವಿ ಆರಲು ಬಿಡುತ್ತಿದ್ದದ್ದು ನೆನಪಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಆದರೆ ಪೂರ್ತಿ ಆರಬಾರದು. ಕೈಗೆ ಬಂದಾಗ ಮೈ ಬಿಸಿಯಷ್ಟು ಬೆಚ್ಚಗಿರಬೇಕು. ಹೊರಗೆ ಬಿಗಿ, ಒಳಗೆ ಸಡಿಲ, ಬಾಯಿಗಿಟ್ಟ ಕೂಡಲೇ ಅನ್ನ ಬಿಡಿಬಿಡಿಯಾಗಿ ಹರಡಿ ಮೀನಿನ ಜೊತೆ ಸೇರಬೇಕು. ಸುಶಿ ಬಲ್ಲವರು ಅಡುಗೆಯವರನ್ನು ಅಳೆಯುವುದು ಮೊದಲು ಈ ಅನ್ನದಿಂದ.

ನಮಗೆ ಬಂದ ಮೊದಲ ತುಂಡಿನ ಅನ್ನ ತಣ್ಣಗಿತ್ತು. ಫ್ರಿಜ್ಜಿನ ತಣುಪು ಎಂಥದು ಅಂತ ಬಾಯಿಗೆ ಗೊತ್ತಾಗುತ್ತದೆ. ತಂಪಿನಲ್ಲಿಟ್ಟ ಅನ್ನದ ಪಿಷ್ಟ ಗಟ್ಟಿಯಾಗಿ ಕಾಳು ಬಿರುಸಾಗುತ್ತದೆ, ತಂಗಳನ್ನ ತಿಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲೇ ಅಚ್ಚಿನಲ್ಲಿ ಒತ್ತಿಟ್ಟ ಅನ್ನದ ಉಂಡೆಗಳು ಡಬ್ಬಿಯಲ್ಲಿ ಸಾಲಾಗಿದ್ದವು. ಕೌಂಟರಿನ ಹಿಂದೆ ನಿಂತಿದ್ದ ಹುಡುಗ ಅವನ್ನು ಒಂದೊಂದಾಗಿ ತೆಗೆದು ಮೇಲೆ ಮೀನಿನ ಹೋಳು ಮುಚ್ಚಿ ಮುಂದಿಡುತ್ತಿದ್ದ. ನನ್ನ ಅಳಿಯ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಮೀನಿನ ವಿಷಯ. ಕ್ರಮದಲ್ಲಿ ಮೊದಲು ತೆಳು ರುಚಿಯ ಬಿಳಿ ಮೀನು, ಆಮೇಲೆ ಉಪ್ಪು ವಿನೆಗರ್ ಹಿಡಿಸಿದ ಬೆಳ್ಳಿ ಮೈಯ ಸಣ್ಣ ಮೀನು, ಮುಂದೆ ಟ್ಯೂನಾ, ಅದರಲ್ಲೂ ಮೊದಲು ಕೆಂಪು ಮಾಂಸದ 'ಅಕಾಮಿ', ಅದರ ನಂತರ ಕೊಬ್ಬು ತುಂಬಿದ 'ತೊರೊ', ಕಡೆಗೆ ಬೇಯಿಸಿದ ಕಡಲ ಹಾವುಮೀನು, ಸಿಹಿ ಮೊಟ್ಟೆ. ಇದು ಕಲ್ಲಿನಲ್ಲಿ ಕೆತ್ತಿದ ಕ್ರಮವಲ್ಲ, ಆದರೆ ತೆಳುವಿನಿಂದ ಗಾಢಕ್ಕೆ ಹೋಗುವುದು ಸಾಮಾನ್ಯ ನಡೆ. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಪಾಠಕ್ಕಾಗಿ ಎಷ್ಟು ಸಲ ತಿರುವಿದ್ದೇನೋ, ಕಾಶ್ಮೀರದ ಕ್ಷೇಮೇಂದ್ರ ಹೇಳಿದ ಔಚಿತ್ಯ ಅಲ್ಲಿ ಬರುತ್ತದೆ. ಯಾವುದು ಎಲ್ಲಿರಬೇಕೋ ಅಲ್ಲಿರುವುದು. ಸೊಂಟದ ಪಟ್ಟಿ ಕೊರಳಿಗೆ ಹಾಕಿಕೊಂಡರೆ ಅದು ಬಂಗಾರದ್ದೇ ಆದರೂ ನಗೆಗೀಡು. ನಮಗೆ ಬಂದದ್ದು ಹಾಗೇ ಇತ್ತು. ಎರಡನೆಯ ತುಂಡಿಗೇ ಖಾರದ ಮೇಯನೇಸ್, ಮೂರನೆಯದಕ್ಕೆ ಗ್ಯಾಸಿನ ಟಾರ್ಚಿನಿಂದ ಉರಿ, ಐದನೆಯದರ ಮೇಲೆ ಚಿನ್ನದ ರೇಕು. ನಾಲಿಗೆ ಅಷ್ಟರಲ್ಲೇ ಸುಸ್ತಾಗಿ, ಆಮೇಲೆ ಬಂದ ಬಿಳಿ ಮೀನಿಗೆ ರುಚಿಯೇ ಇಲ್ಲವಾಯಿತು.

ಬಂದ ಹನ್ನೆರಡು ತುಂಡಿನಲ್ಲಿ ನಾಲ್ಕು ಸಾಲ್ಮನ್. ಇದರ ಹಿಂದೆ ಒಂದು ಕಥೆ ಇದೆ. ಸಾಲ್ಮನ್ ಸುಶಿ ಜಪಾನಿನ ಹಳೆಯ ಸಂಪ್ರದಾಯವೇ ಅಲ್ಲ. ಅಲ್ಲಿನ ಸಾಲ್ಮನ್ನಿನಲ್ಲಿ ಪರೋಪಜೀವಿ ಹುಳು ಇರುತ್ತಿದ್ದುದರಿಂದ ಹಸಿಯಾಗಿ ತಿನ್ನುತ್ತಿರಲಿಲ್ಲ, ಉಪ್ಪು ಹಚ್ಚಿ ಸುಡುತ್ತಿದ್ದರು. 1980ರ ದಶಕದಲ್ಲಿ ನಾರ್ವೆ ದೇಶ ತಾನು ಸಾಕಿದ ಸಾಲ್ಮನ್ ಮಾರಲು ಜಪಾನಿನಲ್ಲಿ ದೊಡ್ಡ ಪ್ರಚಾರ ಮಾಡಿತು, ಆಮೇಲೆಯೇ ಅದು ಸುಶಿಯ ಮೇಲೆ ಹತ್ತಿದ್ದು. ಈಗ ಜನಕ್ಕೆ ಅದೇ ಇಷ್ಟ, ತಪ್ಪೇನಿಲ್ಲ, ನನಗೂ ಮೊದಲನೆಯದು ಹಿತವಾಗಿಯೇ ಇತ್ತು. ಆದರೆ "ಇವತ್ತು ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಆರಿಸಿ ಕೊಡುತ್ತೇವೆ" ಅಂದವರು ನಾಲ್ಕು ಸಲ ಒಂದೇ ಮೀನು ಕೊಟ್ಟರೆ ಅವರು ಆರಿಸಿದ್ದು ಮೀನನ್ನೋ ಲಾಭವನ್ನೋ?

ಹುಳುವಿನ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಓದಿ ನಮ್ಮ ಕೆರೆಯ ಕಾಟ್ಲಾ, ರೋಹು ತಂದು ಹಸಿಯಾಗಿ ಹೋಳು ಮಾಡಬೇಡಿ. ಸಿಹಿನೀರಿನ ಮೀನಿನಲ್ಲಿ ಮನುಷ್ಯನ ಯಕೃತ್ತಿಗೆ ಇಳಿಯುವ ಹುಳುಗಳಿರಬಹುದು. ಸುಶಿಗೆ ಬಳಸುವುದು ಬಹುಪಾಲು ಕಡಲಿನ ಮೀನು, ಅದನ್ನೂ ಬಹಳಷ್ಟು ಸಲ ಅತಿಶೈತ್ಯದಲ್ಲಿಟ್ಟು ಹುಳು ಸಾಯಿಸಿಯೇ ತರುತ್ತಾರೆ. ಅಮೆರಿಕದ ನಿಯಮದಲ್ಲಿ ಮೈನಸ್ 20 ಡಿಗ್ರಿಯಲ್ಲಿ 7 ದಿನ ಅಂತಿದೆ. ಹಾಗಾಗಿ "ಫ್ರೋಜನ್ ಮೀನು" ಅಂದ ಮಾತ್ರಕ್ಕೆ ಮೂಗು ಮುರಿಯಬೇಕಾಗಿಲ್ಲ. ಈಗ ತಾನೇ ಹಿಡಿದದ್ದೇ ಶ್ರೇಷ್ಠ ಅನ್ನುವುದೂ ಅರ್ಧ ಸತ್ಯ. ದೊಡ್ಡ ಟ್ಯೂನಾವನ್ನು ಕೆಲವು ದಿನ ಹದವಾದ ತಂಪಿನಲ್ಲಿ ಮಾಗಲು ಬಿಟ್ಟರೆ ರುಚಿ ಕೂಡುತ್ತದೆ.

ಮಾಗುವುದು ಅಂದ ಕೂಡಲೇ ನನ್ನ ಮನಸ್ಸು ನಮ್ಮ ಅಟ್ಟಕ್ಕೆ ಹೋಗುತ್ತದೆ. ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳುವುದು ನಾಚಿಕೆಗೇಡು, ಆದರೆ ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಕ್ಕಳೂ ಓದಬಹುದು. ವರ್ಷ ತುಂಬಿ ಬಲಿತ ಕಾಯಿಯನ್ನು ಸುಲಿಯದೆ, ಒಡೆಯದೆ ಅಟ್ಟಕ್ಕೆ ಹಾಕುತ್ತಾರೆ. ಕೆಳಗೆ ಒಲೆ ಇದ್ದರೆ ಹೊಗೆಯೂ ತಾಗುತ್ತದೆ. ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟಕು ಒಳಗೆ ಲೊಟಲೊಟ ಅನ್ನುತ್ತದೆ. ನೀರಿನ ಸದ್ದು ಬೇರೆ, ಗಿಟಕಿನ ಸದ್ದು ಬೇರೆ, ಆತುರಪಟ್ಟು ಒಡೆದವನಿಗೆ ಉಂಡೆ ಸಿಗುವುದಿಲ್ಲ. ತೆಂಗು ಎಲ್ಲೆಲ್ಲೂ ಇದೆ, ಆದರೆ ತಿಪಟೂರಿನ ಕೊಬ್ಬರಿಯ ಹೆಸರು ನಿಂತಿರುವುದು ಈ ಕಾಯುವಿಕೆಯ ಮೇಲೆ.

ಜಪಾನಿನವರಿಗೂ ಇಂಥದೊಂದು ಇದೆ ಅಂತ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದರ ಹೆಸರು 'ಕತ್ಸುಒಬುಶಿ'. ಟ್ಯೂನಾದ ಹತ್ತಿರದ ನೆಂಟನಾದ ಬೊನಿಟೊ ಮೀನಿನ ಹೋಳನ್ನು ಬೇಯಿಸಿ, ಮುಳ್ಳು ತೆಗೆದು, ಸೌದೆಯ ಹೊಗೆಯಲ್ಲಿ ಮತ್ತೆ ಮತ್ತೆ ಒಣಗಿಸುತ್ತಾರೆ. ಉತ್ತಮ ದರ್ಜೆಯದಾದರೆ ಅದರ ಮೇಲೆ ಬೇಕೆಂದೇ ಬೂಷ್ಟು ಬೆಳೆಸಿ, ಬಿಸಿಲಿಗಿಟ್ಟು, ತಿಂಗಳುಗಟ್ಟಲೆ ಇದೇ ಕೆಲಸ. (ಬೂಷ್ಟು ಕಂಡರೆ ನಮ್ಮ ಮಂಡಿಯವರು ಕೊಬ್ಬರಿಯನ್ನು ಪಕ್ಕಕ್ಕೆ ಎಸೆಯುತ್ತಾರೆ, ಅಲ್ಲಿ ಅದಕ್ಕೇ ಬೆಲೆ ಹೆಚ್ಚು.) ಕಡೆಗೆ ಅದು ಕಟ್ಟಿಗೆಯ ತುಂಡಿನಷ್ಟು ಗಟ್ಟಿ. ಎರಡನ್ನು ಒಂದಕ್ಕೊಂದು ತಟ್ಟಿದರೆ ಟಣ್ ಅನ್ನಬೇಕಂತೆ. ಅವರೂ ಕಿವಿಯಿಂದಲೇ ಪರೀಕ್ಷೆ ಮಾಡುತ್ತಾರೆ! ಬಳಸುವಾಗ ಬಡಗಿಯ ಉಜ್ಜುಗೊರಡಿನಂಥ ಅಲಗು ಕೂರಿಸಿದ ಪೆಟ್ಟಿಗೆಯ ಮೇಲೆ ಉಜ್ಜಿ ತೆಳ್ಳನೆಯ ಸುರುಳಿ ತೆಗೆಯುತ್ತಾರೆ, ನಮ್ಮ ತುರಿಮಣೆಯ ದೂರದ ಬಂಧು. ಆ ಸುರುಳಿಯನ್ನೂ 'ಕೊಂಬು' ಎನ್ನುವ ಕಡಲಸೊಪ್ಪನ್ನೂ ಬಿಸಿನೀರಿಗೆ ಹಾಕಿ ಇಳಿಸಿದ ತಿಳಿಯೇ 'ದಾಶಿ', ಅವರ ಅಡುಗೆಯ ತಳಪಾಯ. 1908ರಲ್ಲಿ ಇಕೆದ ಕಿಕುನಯೆ ಎನ್ನುವ ರಸಾಯನ ವಿಜ್ಞಾನಿ ಈ ಕಡಲಸೊಪ್ಪಿನ ತಿಳಿಯಿಂದಲೇ ಗ್ಲುಟಮೇಟನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ಇನ್ನೊಂದು ರುಚಿ ಇದೆ, ಅದು 'ಉಮಾಮಿ' ಅಂದದ್ದು. ಅವನ ಶಿಷ್ಯ ಕೊದಮ 1913ರಲ್ಲಿ ಕತ್ಸುಒಬುಶಿಯಲ್ಲಿ ಅದೇ ರುಚಿಯ ಇನ್ನೊಂದು ವಸ್ತು ಕಂಡುಹಿಡಿದ. ಬಸ್ಸಾರಿನ ಕಟ್ಟು ಚಪ್ಪರಿಸಿದವರಿಗೆ ಆ ರುಚಿ ಬಾಯಿಗೆ ಗೊತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಹೀಗಾಗಿ ನಾನು ಆ ರಾತ್ರಿ ಮೀನಿಗಿಂತ ಹೆಚ್ಚಾಗಿ ಕೊನೆಯಲ್ಲಿ ಬರುವ ಸೂಪಿಗೆ ಕಾಯುತ್ತಿದ್ದೆ. ಬಂತು. ಒಂದು ಗುಟುಕು ಕುಡಿದು, ಕೌಂಟರಿನ ಹುಡುಗನನ್ನು ಕೇಳಿದೆ: ಕತ್ಸುಒಬುಶಿ ಇಲ್ಲೇ ತುರಿಯುತ್ತೀರಾ? "ರೆಡಿಮೇಡ್ ಬರುತ್ತೆ ಸಾರ್" ಅಂದ ಪ್ರಾಮಾಣಿಕವಾಗಿ. ಪುಡಿ, ಬಿಸಿನೀರು. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ವರ್ಷದವನಿರಬೇಕು, ಹೇಳಿಕೊಟ್ಟಷ್ಟು ಮಾಡುತ್ತಿದ್ದ. ಮುಖ್ಯ ಅಡುಗೆಯವರು ಅಂತ ಪರಿಚಯಿಸಿದವರು ಶುರುವಿನಲ್ಲಿ ಬಂದು ಕೈಮುಗಿದು ಹೋದವರು ಮತ್ತೆ ಕಾಣಲಿಲ್ಲ.

ವಸಾಬಿಯದೂ ಅದೇ ಹಾಡು. ನಿಜವಾದ ವಸಾಬಿ ಹರಿಯುವ ತೊರೆಯಲ್ಲಿ ಬೆಳೆಯುವ ಗಿಡದ ಗೆಡ್ಡೆ. ತೇದ ಸ್ವಲ್ಪ ಹೊತ್ತಿಗೆಲ್ಲ ಅದರ ಘಾಟು ಹಾರಿಹೋಗುವುದರಿಂದ ಎದುರಿಗೇ ತೇಯಬೇಕು. ನಮಗೆ ಕೊಟ್ಟದ್ದು ಟ್ಯೂಬಿನದು. ಜಗತ್ತಿನ ಬಹುಪಾಲು ಕಡೆ ವಸಾಬಿ ಅಂತ ಕೊಡುವುದು ಹಾರ್ಸ್‌ರ‍್ಯಾಡಿಶ್ ಎನ್ನುವ ಬೇರು, ಸಾಸಿವೆ, ಹಸಿರು ಬಣ್ಣ ಕಲಸಿದ್ದನ್ನೇ. ಅಗ್ಗದ ಜಾಗದಲ್ಲಿ ಅದು ಸರಿ, ಈ ಬೆಲೆಗೆ ಸರಿಯಲ್ಲ.

ತಿನ್ನುವ ರೀತಿ ಬಗ್ಗೆ ಭಯ ಬೇಡ. ನಿಗಿರಿಯನ್ನು ಕೈಯಲ್ಲೇ ತಿನ್ನಬಹುದು, ಅದು ಒರಟುತನವಲ್ಲ. ಸೋಯಾ ಸಾಸಿಗೆ ಅನ್ನದ ಕಡೆ ಅದ್ದಬೇಡಿ, ಹೀರಿಕೊಂಡು ಒಡೆಯುತ್ತದೆ. ಮೀನಿನ ಅಂಚನ್ನು ಮುಟ್ಟಿಸಿದರೆ ಸಾಕು, ಅಡುಗೆಯವರೇ ಸವರಿ ಕೊಟ್ಟಿದ್ದರೆ ಅದೂ ಬೇಡ. ಇಟ್ಟ ತುಂಡನ್ನು ಫೋಟೋಗೆ ಕಾಯಿಸದೆ ತಿನ್ನಿ. ಶುಂಠಿ ತುಂಡುಗಳ ನಡುವೆ ನಂಚಿಕೊಳ್ಳಲು.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಅಳಿಯನ ಹೆಂಡತಿ ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ, ಮೀನು ಮಾಂಸ ಮುಟ್ಟುವುದಿಲ್ಲ. ಜಾಗ ಕಾದಿರಿಸುವಾಗಲೇ ಹೇಳಿದ್ದೆವು, "ತೊಂದರೆಯೇ ಇಲ್ಲ" ಅಂದಿದ್ದರು. ಅವಳಿಗೆ ಬಂದದ್ದು ಸೌತೇಕಾಯಿ ಸುರುಳಿ. ಮತ್ತೆ ಅವಕಾಡೊ. ಮತ್ತೆ ಸೌತೇಕಾಯಿ. ನಾಲ್ಕನೆಯ ಸಲ ಸೌತೇಕಾಯಿ ಬಂದಾಗ ಅವಳು, "ಮಾವ, ಕೋಸಂಬರಿಗೆ ಹೆಸರುಬೇಳೆ ಒಂದು ಕಡಿಮೆ" ಅಂದಳು. ಜಪಾನಿನಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ಬೌದ್ಧ ಮಠಗಳ 'ಶೋಜಿನ್' ಅಡುಗೆ ಪೂರ್ತಿ ಸಸ್ಯಾಹಾರ. ಹಳೆಯ ಸುಶಿ ಅಂಗಡಿಗಳಲ್ಲಿ ಊಟದ ಕೊನೆಗೆ ಕೊಡುವ 'ಕಾಂಪ್ಯೊ' ಸುರುಳಿಯಲ್ಲಿರುವುದು ಏನು ಗೊತ್ತೇ? ಸೋರೆಕಾಯಿ! ರಿಬ್ಬನ್ನಿನ ಹಾಗೆ ಹೆರೆದು, ಒಣಗಿಸಿ, ಮತ್ತೆ ನೆನೆಸಿ ಸಿಹಿಯುಪ್ಪಿನ ರಸದಲ್ಲಿ ಬೇಯಿಸಿದ್ದು. ನಮ್ಮ ಹಿತ್ತಲ ಚಪ್ಪರದ ಬಳ್ಳಿಯ ಜಾತಿಯೇ. ಬದನೆಕಾಯಿ ಸುಟ್ಟು ಇಡಬಹುದಿತ್ತು, ಅಣಬೆ ಇಡಬಹುದಿತ್ತು. ಅವಳ ಎಲೆಯನ್ನು ಯಾರೂ ನೋಡಲಿಲ್ಲ.

ನನ್ನದೂ ಒಂದು ಸಣ್ಣ ಸಂಗತಿ. ನಾನು ಎಡಚ. ಊಟ ಬಲಗೈಯಲ್ಲೇ, ಅಮ್ಮ ಹೊಡೆದು ಕಲಿಸಿದ್ದು. ಸೀಮೆಸುಣ್ಣ ಮಾತ್ರ ಕಡೆಯವರೆಗೂ ಎಡಗೈಯಲ್ಲಿ. ಚಾಪ್‌ಸ್ಟಿಕ್ ಹಿಡಿಯುವುದು ಬರವಣಿಗೆಯ ಹಾಗೆ, ತಾನಾಗಿ ಎಡಗೈಗೆ ಬಂತು. ಟೋಕಿಯೊದ ಸುಕಿಯಬಾಶಿ ಜಿರೊ ಅಂಗಡಿಯ ಒನೊ ಜಿರೊ ಬಗ್ಗೆ 2011ರಲ್ಲಿ ಬಂದ ಸಾಕ್ಷ್ಯಚಿತ್ರವನ್ನು ಅಳಿಯ ಮೊದಲೇ ತೋರಿಸಿದ್ದ. ಅದರಲ್ಲಿ ಆ ಮುದುಕರು ಗಿರಾಕಿ ಎಡಗೈ ಬಳಸುವುದನ್ನು ಕಂಡು ಮುಂದಿನ ತುಂಡನ್ನು ಆ ಕೈಗೆ ಸಿಗುವ ಹಾಗೆ ಇಡುತ್ತಾರೆ. ಹತ್ತು ಜನ ಕೂರುವ, ಮೆಟ್ರೋ ನಿಲ್ದಾಣದ ನೆಲಮಾಳಿಗೆಯ ಅಂಗಡಿ. ನಮ್ಮಲ್ಲಿ ಹನ್ನೆರಡು ತುಂಡೂ ಬಲಗೈಯವರ ಓರೆಗೇ ಬಂದವು, ಹನ್ನೆರಡು ಸಲವೂ ನಾನು ತಟ್ಟೆ ತಿರುಗಿಸಿಕೊಂಡೆ. ಒಂಬತ್ತಕ್ಕೆ ಇನ್ನೊಂದು ಪಂಕ್ತಿ ಇತ್ತು, ಎಂಟೂ ಮುಕ್ಕಾಲಿಗೆ ಬಿಲ್ ಬಂತು. ಒಮಾಕಸೆಯ ಹೆಸರಿನಲ್ಲಿ ನಾವು ಉಂಡದ್ದು ಒಕಿಮಾರಿ, ಗೊತ್ತುಮಾಡಿಟ್ಟ ತಟ್ಟೆ. ಅದನ್ನು ಆ ಹೆಸರಿನಲ್ಲೇ ಆ ಬೆಲೆಗೆ ಮಾರಿದ್ದರೆ ನನ್ನ ಜಗಳವಿರುತ್ತಿರಲಿಲ್ಲ.

ಬಿಡದಿಗೆ 1990ರ ದಶಕದ ಕೊನೆಯಲ್ಲಿ ಟೊಯೋಟಾ ಬಂದಾಗಿನಿಂದ ಬೆಂಗಳೂರಿನಲ್ಲಿ ಜಪಾನಿನವರು ಹೆಚ್ಚಿದ್ದಾರೆ, ಅವರಿಗಾಗಿ ನಡೆಯುವ ಮನೆಯೂಟದಂಥ ಹೋಟೆಲುಗಳೂ ಇವೆ. ನಮ್ಮ ತುಮಕೂರಿನ ವಸಂತನರಸಾಪುರದಲ್ಲೂ ಜಪಾನಿ ಕಂಪನಿಗಳಿಗೆ ಜಾಗ ಗೊತ್ತುಮಾಡಿದ್ದಾರೆ, ಸುಶಿ ಇನ್ನೂ ಹತ್ತಿರ ಬಂದೀತು. ಹೊಸದಾಗಿ ಹೋಗುವವರು ಮೊದಲ ದಿನವೇ ಒಮಾಕಸೆಗೆ ಹೋಗಬೇಡಿ. ಮಧ್ಯಾಹ್ನದ ಸಾಧಾರಣ ತಟ್ಟೆ ತಿಂದು ನಿಮ್ಮ ನಾಲಿಗೆಗೆ ಏನು ಹಿಡಿಸುತ್ತದೆ ನೋಡಿ. ಆಮೇಲೆ ಹೋಗುವಾಗ ಫೋನಿನಲ್ಲಿ ಕೇಳಿ: ತುಂಡು ಮಾಡಿಕೊಡುವವರು ಯಾರು, ಒಬ್ಬರಿಗೆ ಎಷ್ಟು ಜನ, ಅನ್ನ ಯಾವಾಗ ಮಾಡುತ್ತೀರಿ, ಸಸ್ಯಾಹಾರಿಗಳಿಗೆ ಏನು ಮಾಡುತ್ತೀರಿ. ಉತ್ತರಕ್ಕಿಂತ ಉತ್ತರಿಸುವ ಧಾಟಿ ಹೆಚ್ಚು ಹೇಳುತ್ತದೆ. ಕಾಯಿ ಅಲ್ಲಾಡಿಸಿ ನೋಡುವ ಹಾಗೆ. ಮತ್ತೆ, ಅವರು ನಿಮ್ಮನ್ನೇನಾದರೂ ಕೇಳುತ್ತಾರಾ ನೋಡಿ.

ಅಳಿಯ ಸೋಲೊಪ್ಪುವವನಲ್ಲ. ಕಳೆದ ವಾರ ಫೋನ್ ಮಾಡಿದ. ಆರೇ ಜನ ಕೂರುವ ಇನ್ನೊಂದು ಜಾಗ ಹುಡುಕಿದ್ದಾನಂತೆ, ದುಡ್ಡೂ ಅರ್ಧ. "ಅವರು ಹತ್ತು ನಿಮಿಷ ನನ್ನನ್ನೇ ಕೇಳ್ತಾ ಇದ್ರು ಮಾವ. ಮೀನು ತಿನ್ನದವರು ಮೊಟ್ಟೆ ತಿಂತಾರಾ, ಬೆಳ್ಳುಳ್ಳಿ ಆಗುತ್ತಾ, ವಯಸ್ಸಾದವರಿಗೆ ತುಂಡು ಸಣ್ಣದು ಮಾಡಬೇಕಾ ಅಂತೆಲ್ಲ. ಕೊನೆಗೆ, ಯಾರಾದ್ರೂ ಎಡಗೈಯವರು ಇದ್ದಾರಾ ಅಂತ."

ಮುಂದಿನ ತಿಂಗಳು ಹೋಗುತ್ತಿದ್ದೇವೆ. ಅಟ್ಟ ಹತ್ತಿ, ಒಂದೊಂದನ್ನೇ ಕಿವಿಗಿಟ್ಟು ಅಲ್ಲಾಡಿಸಿ, ನಾಲ್ಕು ಕಾಯಿ ಆರಿಸಿ ಇಳಿಸಿಟ್ಟಿದ್ದೇನೆ. ಆ ಅಡುಗೆಯವರಿಗೆ ಕೊಡುವುದಕ್ಕೆ. ಸುಲಿಯದೆ ಹಾಗೇ ಒಯ್ಯುತ್ತೇನೆ, ಸದ್ದು ಅವರೇ ಕೇಳಲಿ.